ಆರೆಗಾನ್ ಸಿಟಿಯ ನೆಟ್ಟನೆ ನಿಂತ ಬೀದಿ

ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ವಿಲಾಮೆಟ್ ನದಿಗುಂಟ ದಕ್ಷಿಣಕ್ಕೆ ಹೋದರೆ ಸಿಗುವ ಆರೆಗಾನ್ ಸಿಟಿ ಎರಡು ಅಂತಸ್ತಿನ ಊರು. ನದಿ ದಡದಲ್ಲಿ ಹಳೆಯ ಪೇಟೆ, ಅದರ ಬೆನ್ನಿಗೇ ಸುಮಾರು 90 ಅಡಿ ಎತ್ತರದ ಕಡಿದಾದ ಕರಿಗಲ್ಲು, ಅದರ ನೆತ್ತಿಯ ಮೇಲೆ ಮನೆಗಳು. ಈ ಎರಡನ್ನೂ ಬೆಸೆದಿರುವುದು ಊರಿನವರೇ ಕಟ್ಟಿಕೊಂಡ ಸಾರ್ವಜನಿಕ ಲಿಫ್ಟ್. ಅದಕ್ಕೆ ‘ಎಲಿವೇಟರ್ ಸ್ಟ್ರೀಟ್’ ಎಂಬ ಬೀದಿಯ ಹೆಸರೂ ಇದೆ. ಬೀದಿಯಲ್ಲಿ ನಡೆಯಲು ಯಾರೂ ಕಾಸು ಕೇಳುವುದಿಲ್ಲ, ಇಲ್ಲಿಯೂ ಕೇಳುವುದಿಲ್ಲ.

ಪೇಟೆಯ ಕಡೆಯಿಂದ ಬಂದವರು ರೈಲು ಹಳಿಗಳ ಅಡಿಯ ಪುಟ್ಟ ಸುರಂಗವನ್ನು ದಾಟಿ ಲಿಫ್ಟಿನ ಬಾಗಿಲಿಗೆ ಬರುತ್ತಾರೆ. ಒಳಗೆ ಆಪರೇಟರ್ ಒಬ್ಬರು ಕೂತಿರುತ್ತಾರೆ. ಗುಂಡಿ ಒತ್ತುವುದು ಅವರ ಕೆಲಸ. ಹೊಸಬರಿಗೆ ಊರಿನ ಕಥೆ ಹೇಳುವುದೂ ಅವರೇ. ಕಥೆ ಚಿಕ್ಕದಾಗಿರಬೇಕು, ಏಕೆಂದರೆ ಪಯಣ ಮುಗಿಯಲು ಕಾಲು ನಿಮಿಷ ಸಾಕು.

ಮೊದಲು ಹಾಗಿರಲಿಲ್ಲ. 19ನೇ ಶತಮಾನದಿಂದ ಜನ ಕಡಿದಾದ ಮೆಟ್ಟಿಲುಗಳನ್ನೇ ನೆಚ್ಚಿಕೊಂಡಿದ್ದರು. 1912ರಲ್ಲಿ ಮತದಾನ ನಡೆದು, ಲಿಫ್ಟಿಗೆಂದು 12,000 ಡಾಲರ್ ಸಾಲ ಎತ್ತಲು ಊರು ಒಪ್ಪಿತು. ಆದರೆ ಮೇಲೆ, ಬಂಡೆಯ ಅಂಚಿನಲ್ಲೇ ಮನೆಯಿದ್ದ ಸಾರಾ ಚೇಸ್ ಒಪ್ಪಲಿಲ್ಲ. ಕಣ್ಣೆದುರಿನ ನೋಟಕ್ಕೆ ಅಡ್ಡ ಬರುತ್ತದೆ, ಮನೆಯಂಗಳದ ಏಕಾಂತ ಹಾಳಾಗುತ್ತದೆ ಎಂಬುದು ಅವರ ತಕರಾರು. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಊರು ಗೆದ್ದಿತು. ಆಕೆಯ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಆದರೂ ದಿನವೂ ಸಾಮಾನು ಹೊತ್ತು ಮೇಲೇರುವವರ ಮಂಡಿನೋವಿನ ಮುಂದೆ ಅದು ಸಣ್ಣದೇ.

1915ರ ಡಿಸೆಂಬರ್ 3ರಂದು ಲಿಫ್ಟ್ ಶುರುವಾದಾಗ ಒಂದೇ ದಿನ 3,869 ಜನ ಹತ್ತಿದರು, ಹೆಚ್ಚುಕಡಿಮೆ ಇಡೀ ಊರೇ! ಅದು ನೀರಿನ ಒತ್ತಡದಿಂದ ಏಳುತ್ತಿದ್ದ ಲಿಫ್ಟ್. ಮೇಲೆ ತಲುಪಲು ಮೂರು ನಿಮಿಷ. ದಿನಕ್ಕೆ ಎರಡು ಲಕ್ಷ ಗ್ಯಾಲನ್ ನೀರು ಬೇಕಿತ್ತು. ಲಿಫ್ಟ್ ಏರಿದಾಗಲೆಲ್ಲ ಸುತ್ತಲಿನ ಮನೆಗಳ ನಲ್ಲಿ ಸಣ್ಣಗಾಗುತ್ತಿತ್ತು. ನಡುವೆ ನಿಂತುಬಿಟ್ಟರೆ ಒಳಗಿದ್ದವರು ಮಾಡಿನ ಕಿಂಡಿಯಿಂದ ಏಣಿ ಹಿಡಿದು ಹೊರಬರಬೇಕಿತ್ತು. ಇದೇ ಊರಿನ ಜಲಪಾತದಲ್ಲಿ ತಯಾರಾದ ವಿದ್ಯುತ್ತು 1889ರಲ್ಲೇ ಪೋರ್ಟ್‌ಲ್ಯಾಂಡ್‌ನ ದೀಪ ಬೆಳಗಿಸಿತ್ತು. ಊರಿನ ಲಿಫ್ಟಿಗೆ ಮಾತ್ರ ಕರೆಂಟ್ ಬಂದದ್ದು 1924ರಲ್ಲಿ.

ಈಗಿರುವುದು 1955ರಲ್ಲಿ ತೆರೆದ, 130 ಅಡಿ ಎತ್ತರದ ಕಾಂಕ್ರೀಟ್ ಗೋಪುರ. ಅಲಂಕಾರವಿಲ್ಲದ ನೀಳ ಕಂಬದ ಮೇಲೆ ತಟ್ಟೆ ಮಗುಚಿಟ್ಟಂತೆ ವೀಕ್ಷಣಾಲಯ. ಚೆಲುವಿನ ಕಟ್ಟಡ ಎಂದು ಎಲ್ಲರಿಗೂ ಅನ್ನಿಸದಿರಬಹುದು, ನನಗಂತೂ ಆ ಸರಳತೆಯೇ ಹಿಡಿಸುತ್ತದೆ. ದಿನಬಳಕೆಗೆಂದು ಕಟ್ಟಿದ್ದು, ದಿನವೂ ಬಳಸುವವರ ಹಾಗೇ ಇದೆ.

ಮೇಲೆ ಇಳಿದವರು ಸೀದಾ ಹಿಂದಿರುಗಬಾರದು. ಬಂಡೆಯ ಅಂಚಿನುದ್ದಕ್ಕೂ ಮೆಕ್‌ಲಾಫ್ಲಿನ್ ಪ್ರಾಮನೇಡ್ ಎಂಬ ಕಾಲುದಾರಿಯಿದೆ. ಊರು ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಈ ಜಾಗವನ್ನು ಸಾರ್ವಜನಿಕರಿಗೆಂದೇ ಬಿಟ್ಟುಕೊಟ್ಟಿದ್ದರು. ಅವರ ಮನೆಯೂ ಹತ್ತಿರದಲ್ಲೇ ಇದೆ. ನದಿ ದಡದಲ್ಲಿದ್ದ ಆ ಮನೆಯನ್ನು 1909ರಲ್ಲಿ ಇಡಿಯಾಗಿ ಎಬ್ಬಿಸಿ ಗುಡ್ಡ ಹತ್ತಿಸಿದರು, ಆಗ ಲಿಫ್ಟ್ ಇನ್ನೂ ಬಂದಿರಲಿಲ್ಲ. ಕಾಲುದಾರಿಯಲ್ಲಿ ದಕ್ಷಿಣಕ್ಕೆ ನಡೆದರೆ ಕುದುರೆ ಲಾಳದಂತೆ ಬಾಗಿ, ಸುಮಾರು 40 ಅಡಿ ಧುಮುಕುವ ವಿಲಾಮೆಟ್ ಜಲಪಾತ ಕಾಣುತ್ತದೆ. ಅಲ್ಲಿನ ಮಳೆಗಾಲದ ತಿಂಗಳುಗಳಲ್ಲಿ ಹೋದರೆ ನೀರು ಮೈದುಂಬಿರುತ್ತದೆ.