ಟೈಲ್ಸ್ ಮೇಲೆ ಒಣಗಿದ ಗ್ರೌಟ್ ತೆಗೆಯುವುದು ಹೇಗೆ?

ಹೊಸ ಟೈಲ್ಸ್ ಹಾಕಿಸಿದ್ದೀರಿ. ಎಷ್ಟು ಒರೆಸಿದರೂ ಬಿಳಿ ಪೊರೆ ಹೋಗುತ್ತಿಲ್ಲವೇ? ಒದ್ದೆಯಿದ್ದಾಗ ಮಾಯ, ಒಣಗಿದ ಕೂಡಲೇ ಮತ್ತೆ ಹಾಜರು. ಅದು ಧೂಳಲ್ಲ, ಗ್ರೌಟ್. ಅಂದರೆ ಟೈಲ್ಸ್ ಸಂದಿಗೆ ತುಂಬುವ, ಬಣ್ಣ ಬೆರೆಸಿದ ಸಿಮೆಂಟಿನ ಗಾರೆ. ತುಂಬಿದ ದಿನವೇ ಒದ್ದೆ ಸ್ಪಂಜಿನಲ್ಲಿ ಒರೆಸಿದ್ದರೆ ಹೋಗುತ್ತಿತ್ತು. ಗಟ್ಟಿಯಾದ ಮೇಲೆ ಬರೀ ನೀರಿಗೆ ಜಗ್ಗುವುದಿಲ್ಲ.

ಹಾಗೆಂದು ಬಾತ್‌ರೂಮಿಗೆ ಹಾಕುವ ಪ್ರಬಲ ಆಸಿಡ್ ಸುರಿಯಬೇಡಿ. ಸಂದಿಯಲ್ಲಿರುವುದೂ ಸಿಮೆಂಟೇ, ಆಸಿಡ್ ಅದನ್ನೂ ತಿನ್ನುತ್ತದೆ. ಅದರ ಹೊಗೆಗೆ ಸ್ಟೀಲ್ ನಲ್ಲಿಗಳು ತುಕ್ಕು ಹಿಡಿಯುತ್ತವೆ, ಎದೆಗೂ ಕೆಟ್ಟದ್ದು. ಬ್ಲೀಚ್ ಜೊತೆ ಸೇರಿದರಂತೂ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಮೊದಲು ನೆಲ ಯಾವುದೆಂದು ತಿಳಿದುಕೊಳ್ಳಿ. ಸೆರಾಮಿಕ್, ವಿಟ್ರಿಫೈಡ್ ಟೈಲ್ಸ್ ಸೌಮ್ಯ ಆಮ್ಲವನ್ನು ತಡೆಯುತ್ತವೆ. ಮಾರ್ಬಲ್, ಕಡಪ, ಶಹಾಬಾದ್ ಕಲ್ಲುಗಳು ತಡೆಯುವುದಿಲ್ಲ. ಅವು ಸುಣ್ಣದ ಅಂಶದ ಕಲ್ಲುಗಳು. ನಿಂಬೆರಸ ಬಿದ್ದರೂ ಹೊಳಪು ಹೋಗಿ ಮಸುಕು ಕಲೆ ಉಳಿಯುತ್ತದೆ. ಅಂಥ ನೆಲಕ್ಕೆ ಸೋಪಿನ ನೀರು, ನೈಲಾನ್ ಸ್ಕ್ರಬ್ಬರ್ ಮಾತ್ರ. ಅದಕ್ಕೂ ಹೋಗದಿದ್ದರೆ ಪಾಲಿಶ್ ಮಾಡುವವರನ್ನೇ ಕರೆಯಿರಿ.

ಟೈಲ್ಸ್ ಆದರೆ ಕೆಲಸ ಸುಲಭ. ಗ್ರೌಟ್ ತುಂಬಿ ಹತ್ತು ದಿನವಾದರೂ ಆಗಿರಲಿ, ಸಂದಿ ಗಟ್ಟಿಯಾಗುತ್ತದೆ. ದಪ್ಪ ಚೂರುಗಳಿದ್ದರೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಸ್ಕ್ರೇಪರ್ ಮಲಗಿಸಿ ಹಿಡಿದು ಕೆರೆಯಿರಿ. ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರು ಬೀಳುತ್ತದೆ. ಆಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ. ಹಚ್ಚುವ ಮೊದಲು ನೆಲವನ್ನು ಚೆನ್ನಾಗಿ ನೆನೆಸಿ. ಸಂದಿ ಮೊದಲೇ ನೀರು ಕುಡಿದಿದ್ದರೆ ವಿನೆಗರ್ ಹೆಚ್ಚು ಒಳಗಿಳಿಯುವುದಿಲ್ಲ. ಒಂದು ಮೂಲೆಯಲ್ಲಿ ಪರೀಕ್ಷಿಸಿ, ಒಣಗಿಸಿ ನೋಡಿ. ಕಲೆಯಾಗದಿದ್ದರೆ ನಾಲ್ಕೈದು ಟೈಲ್ಸಿಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಉಜ್ಜಿ, ಅಲ್ಲಲ್ಲೇ ತೊಳೆದು ಮುಂದಕ್ಕೆ ಹೋಗಿ. ಬಕೆಟ್ಟಿನ ನೀರು ಬಿಳಿಯಾದರೆ ಚೆಲ್ಲಿಬಿಡಿ. ಅದೇ ನೀರಲ್ಲಿ ಒರೆಸಿದರೆ ತೆಗೆದ ಪೊರೆಯನ್ನೇ ಮತ್ತೆ ಬಳಿದಂತೆ.

ದಿನಸಿ ಅಂಗಡಿಯ ವಿನೆಗರ್‌ಗೆ ನೂರು ರೂಪಾಯಿಯೊಳಗೇ ಖರ್ಚು. ಅದಕ್ಕೂ ಬಗ್ಗದಿದ್ದರೆ ಟೈಲ್ಸ್ ಅಂಗಡಿಯಲ್ಲಿ ಸಲ್ಫಾಮಿಕ್ ಆಮ್ಲದ ಕ್ಲೀನರ್ ಕೇಳಿ. ಬೆಲೆ ಹೆಚ್ಚು, ಆದರೆ ಸಿಮೆಂಟ್ ಪೊರೆಗೆ ಒಳ್ಳೆಯ ಮದ್ದು. ರಬ್ಬರ್ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಯಾವಾಗಲೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ.

ಯಾವುದಕ್ಕೂ ಕರಗಲಿಲ್ಲವೇ? ಅದು ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟ್ ಬದಲು ಅಂಟಿನಂಥ ರಾಳದಿಂದ ಮಾಡಿದ್ದು ಇರಬಹುದು. ಅದಕ್ಕೆ ಬೇರೆಯೇ ರಿಮೂವರ್ ಬೇಕು. ಕೊಳ್ಳಲು ಹೋಗುವಾಗ ಗ್ರೌಟಿನ ಖಾಲಿ ಡಬ್ಬಿ ಒಯ್ಯಿರಿ. ಅದೇ ಕಂಪನಿಯದು ಸಿಕ್ಕಿದರೆ ಅದನ್ನೇ ತನ್ನಿ.