ಓಲೆಗರಿಯಿಂದ ಕಲ್ಲಚ್ಚಿಗೆ

ಓಲೆಗರಿಯ ಮೇಲೆ ಕಂಠವೆಂಬ ಲೋಹದ ಲೇಖನಿಯಿಂದ ಕೊರೆದು ಪ್ರತಿ ಮಾಡುತ್ತಿದ್ದ ಕಾಲದಲ್ಲಿ ಕನ್ನಡ ಕಾವ್ಯವು ಬಹುಮಟ್ಟಿಗೆ ಕಿವಿಯ ಸೊತ್ತಾಗಿತ್ತು. ಒಬ್ಬರು ರಾಗವಾಗಿ ವಾಚಿಸಿ ಮತ್ತೊಬ್ಬರು ಅರ್ಥ ಬಿಡಿಸಿ ಹೇಳುವ ಗಮಕ ಪದ್ಧತಿಯಿಂದಾಗಿ ಅಕ್ಷರ ಬಾರದವರಿಗೂ ಕುಮಾರವ್ಯಾಸನ ಭಾರತ ತಲುಪುತ್ತಿತ್ತು. ಅಚ್ಚು ಬಂದಾಗ ಈ ಸ್ಥಿತಿ ಬದಲಾಗತೊಡಗಿತು. 1843ರ ಜುಲೈಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಕಲ್ಲಚ್ಚಿನಲ್ಲಿ, ಅಂದರೆ ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡುಮಸಿಯಿಂದ ಮೂಡಿಸಿದ ಬರಹವನ್ನು ಕಾಗದಕ್ಕೆ ಒತ್ತಿ ತೆಗೆಯುವ ವಿಧಾನದಲ್ಲಿ, ಮುದ್ರಿತವಾಗಿ, ಊರ ವರ್ತಮಾನವನ್ನೂ ಸರ್ಕಾರದ ನಿರೂಪಗಳನ್ನೂ ಪರದೇಶದ ಸುದ್ದಿಯನ್ನೂ ಹದಿನೈದು ದಿನಕ್ಕೊಮ್ಮೆ ಒಂದೆಡೆ ತಂದಿತು. ಮಿಷನರಿಗಳ ಮತಪ್ರಚಾರದ ಉದ್ದೇಶ ಏನೇ ಇದ್ದರೂ, ಪರಸ್ಪರ ಪರಿಚಯವಿಲ್ಲದವರು ಒಂದೇ ಸುದ್ದಿಯನ್ನು ಓದಿ ಚರ್ಚಿಸುವ ಹೊಸ ಓದುಗವರ್ಗಕ್ಕೂ, ಪದ್ಯದ ಹಂಗಿಲ್ಲದ ನಿತ್ಯಬಳಕೆಯ ಗದ್ಯಕ್ಕೂ ಇಂಥ ಪತ್ರಿಕೆಗಳೇ ನೆಲೆ ಒದಗಿಸಿದವು. ಹಾಗೆಂದು ಗಟ್ಟಿಯಾಗಿ ಓದಿ ಹೇಳುವ ರೂಢಿಯೇನೂ ಥಟ್ಟನೆ ಅಳಿಯಲಿಲ್ಲ. ಅಕ್ಷರಸ್ಥರು ವಿರಳವಾಗಿದ್ದ ಊರುಗಳಲ್ಲಿ ಮುದ್ರಿತ ಹಾಳೆಯೂ ಕಿವಿಯ ಮೂಲಕವೇ ಹಲವರನ್ನು ಮುಟ್ಟಬೇಕಾಗಿತ್ತು.