ಮರಳಿ ಬಾರದ ಕಿಟಕಿಗಳು

ಕೊಗನೊಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿಯ ಲಾರಿಗಳ ಸದ್ದನ್ನುಳಿದು ಬೇರೆ ಸದ್ದಿರುವುದಿಲ್ಲ. ಕಾಲೇಜಿನ ಉತ್ತರಪತ್ರಿಕೆಗಳ ಕಾಟ ತೀರಿದ ಮೇಲೆ ಗಣಕಯಂತ್ರದ ಮುಂದೆ ಕುಳಿತು, ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳನ್ನು ಧ್ವನಿಮುದ್ರಣದಿಂದ ಕೇಳಿ ಬರೆದಿಳಿಸುವುದು ನನ್ನ ರೂಢಿ. ಅಂದೂ ಹಾಗೆಯೇ ಕುಳಿತಿದ್ದೆ. ತೆರೆಯ ಮೇಲೆ ಹನ್ನೊಂದು ಕಿಟಕಿಗಳು. ಒಂದರಲ್ಲಿ ಹಾಡು ನಡುವೆ ನಿಂತಿದೆ, ಇನ್ನೊಂದರಲ್ಲಿ ನಿಘಂಟು, ಮತ್ತೊಂದರಲ್ಲಿ ಮರಾಠಿ ಪದಗಳ ಪಟ್ಟಿ, ಮೂಲೆಯ ಪುಟ್ಟ ಟಿಪ್ಪಣಿಯಲ್ಲಿ, ಊಟದ ಹೊತ್ತಿಗೆ ತಾಯಿಯವರು ಒಂದು ಮಾತಿಗೆ ಹೇಳಿದ ಅರ್ಥ. ಟಿಪ್ಪಣಿಗೆ ಹೆಸರಿಟ್ಟು ಉಳಿಸಿರಲಿಲ್ಲ. ನಿದ್ದೆ ಎಳೆಯಿತು; ಎಲ್ಲವನ್ನೂ ಇದ್ದಂತೆಯೇ ಬಿಟ್ಟು ಮಲಗಿದೆ.

ಬೆಳಗಾಗೆದ್ದು ನೋಡಿದರೆ ತೆರೆಯು ತೊಳೆದು ಬೋರಲಿಟ್ಟ ಬೋಗುಣಿಯಂತೆ ಬರಿದು! ನಡುರಾತ್ರಿ ಯಂತ್ರವು ತನ್ನ ತಂತ್ರಾಂಶವನ್ನು ನವೀಕರಿಸಿಕೊಂಡು, ತಾನೇ ಆರಿ, ತಾನೇ ಎಚ್ಚತ್ತಿತ್ತು.

“ಕರೆಂಟ್ ಹೋಗಿತ್ತೇನ್ರಿ ಕಾಕಾ?” ಎಂದ ಅಣ್ಣನ ಮಗ.

“ಹೋಗಿದ್ರ ಕರೆಂಟಿನವ್ರನ್ನರ ಬೈತಿದ್ನಲ್ಲೋ!” ಎಂದೆ.

ಇಂಥ ಅನುಭವವು ಓದುಗರಲ್ಲಿ ಅನೇಕರಿಗೆ ಆಗಿರಬೇಕು. ಯಂತ್ರವು ನಮ್ಮ ಕೆಲಸವನ್ನು ಏಕೆ ಮರೆಯಿತು? ನಡೆಯುತ್ತಿರುವ ಕೆಲಸವೆಲ್ಲ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ವಿದ್ಯುತ್ತು ಹರಿಯುವತನಕ ಮಾತ್ರ ಅದರ ಆಯುಷ್ಯ. ‘ಸ್ಲೀಪ್’ ಎಂಬ ನಿದ್ರೆಯಲ್ಲಿ ಈ ಸ್ಮೃತಿಗೆ ಅಲ್ಪಸ್ವಲ್ಪ ವಿದ್ಯುತ್ತು ದೊರೆಯುತ್ತಲೇ ಇರುತ್ತದೆ. ‘ಹೈಬರ್ನೇಟ್’ ಎಂಬುದರಲ್ಲಿ ಸ್ಮೃತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರ ಆರುತ್ತದೆ. ಪದೇ ಪದೇ ವಿದ್ಯುತ್ತು ಹೋಗುವ ನಮ್ಮಂಥ ಊರುಗಳಿಗೆ ಇದೇ ಲೇಸು. ಆದರೆ ಮರುಚಾಲನೆಯ ಧರ್ಮವೇ ಬೇರೆ. ಹಳೆಯದನ್ನು ತೊಲಗಿಸಿ ಹೊಸದಾಗಿ ಆರಂಭಿಸುವುದೇ ಅದರ ಉದ್ದೇಶವಾದುದರಿಂದ, ಸ್ಮೃತಿಯು ಬರಿದಾಗಲೇಬೇಕು. ತಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬುದನ್ನು ಒಂದೊಂದು ತಂತ್ರಾಂಶವೂ ಮೊದಲೇ ಡಿಸ್ಕಿನಲ್ಲಿ ಬರೆದಿಟ್ಟಿದ್ದರೆ ಮಾತ್ರ ಮರಳಿ ಬಂದೀತು.

2021ರ ಕೊರೋನಾ ಕಾಲದಲ್ಲಿ ನಮ್ಮೂರ ತಪಾಸಣಾ ಠಾಣೆಯಲ್ಲಿ ಮಹಾರಾಷ್ಟ್ರದಿಂದ ಬಂದವರು ಆರ್‌ಟಿಪಿಸಿಆರ್ ಪರೀಕ್ಷೆಯ ಕಾಗದ ತೋರಿಸಬೇಕಿತ್ತು. ಕಾಗದವಿಲ್ಲದ ವಾಹನ ಕಾಗಲದ ಕಡೆಗೇ ತಿರುಗುತ್ತಿತ್ತು. ವಿಂಡೋಸಿನ ವ್ಯವಸ್ಥೆಯೂ ಹೆಚ್ಚುಕಡಿಮೆ ಹಾಗೆಯೇ. “ನನ್ನನ್ನು ಮತ್ತೆ ತೆರೆಯಿರಿ” ಎಂದು ತಂತ್ರಾಂಶವೊಂದು ಮುಂಚಿತವಾಗಿ ನೋಂದಾಯಿಸಿಕೊಳ್ಳುವ ಅನುಕೂಲ ವಿಸ್ತಾದ ಕಾಲದಿಂದ, ಎಂದರೆ 2007ರಿಂದ ಇದೆ. ಹಾಗೆ ನೋಂದಾಯಿಸಿಕೊಂಡವುಗಳನ್ನು ಮರುಚಾಲನೆಯ ನಂತರ ತಾನಾಗಿ ತೆರೆಯುವ ಪದ್ಧತಿ 2017ರಲ್ಲಿ ವಿಂಡೋಸ್ 10ಕ್ಕೆ ಬಂದಿತು. 2020ರಲ್ಲಿ ಅದಕ್ಕೆ ಸೈನ್-ಇನ್ ಸೆಟ್ಟಿಂಗುಗಳಲ್ಲಿ ಪ್ರತ್ಯೇಕ ಗುಂಡಿಯನ್ನಿಟ್ಟರು. ಗುಂಡಿ ಒತ್ತಿದರೂ ನೋಂದಾಯಿಸದ ಹಳೆಯ ತಂತ್ರಾಂಶಗಳು ಬರುವುದಿಲ್ಲ. ಬಂದದ್ದೂ ಬರಿಯ ಕಿಟಕಿಯಾಗಿ ಬಂದೀತೇ ಹೊರತು, ಒಳಗಿನ ಬರಹದ ಹೊಣೆ ಆಯಾ ತಂತ್ರಾಂಶದ್ದೇ.

ಮ್ಯಾಕ್ ಯಂತ್ರಗಳಿಗೆ ಈ ಸೌಕರ್ಯ 2011ರ ‘ಲಯನ್’ ಆವೃತ್ತಿಯೊಡನೆ ಬಂದಿತು. ಲಿನಕ್ಸಿನಲ್ಲಿ ಬಳಸುವ ಎಕ್ಸ್ ಕಿಟಕಿ ವ್ಯವಸ್ಥೆಯಲ್ಲಿ ಕಳೆದ ಶತಮಾನದ ತೊಂಬತ್ತರ ದಶಕದಲ್ಲೇ ಇದಕ್ಕೊಂದು ನಿಯಮಾವಳಿ ಇತ್ತು. ಅದನ್ನು ಪಾಲಿಸಿದ ತಂತ್ರಾಂಶಗಳು ಕೆಲವು, ಪಾಲಿಸದವು ಹಲವು. ಅನಂತರ ಬಂದ ವೇಲ್ಯಾಂಡ್ ಎಂಬ ಏರ್ಪಾಟಿನಲ್ಲಿ, ತೆರೆಯ ಮೇಲೆ ತಾನು ಎಲ್ಲಿ ನಿಲ್ಲಬೇಕೆಂದು ಸಾಮಾನ್ಯ ಕಿಟಕಿಯು ತಾನೇ ನಿರ್ಧರಿಸುವಂತಿಲ್ಲ. ಬಂದರೂ ಹಳೆಯ ಜಾಗ ಸಿಗುವ ಭರವಸೆಯಿಲ್ಲ!

ಈ ವಿಷಯದಲ್ಲಿ ಜಾಣತನ ತೋರಿದವು ಬ್ರೌಸರುಗಳೇ. ಫೈರ್‌ಫಾಕ್ಸ್ 2006ರಿಂದಲೂ ತನ್ನ ಪುಟಗಳನ್ನು ಮರಳಿ ತೆರೆಯಬಲ್ಲುದು. ಸಾಮಾನ್ಯವಾಗಿ ಹದಿನೈದು ಸೆಕೆಂಡಿಗೊಮ್ಮೆ ಅವುಗಳ ಲೆಕ್ಕ ಬರೆದಿಡುತ್ತದೆ. ವರ್ಡ್‌ನಲ್ಲಿ, ನಾವು ಬದಲಿಸದ ಹೊರತು, ಈ ಅವಧಿ ಹತ್ತು ನಿಮಿಷ. ಅದನ್ನು ಎರಡಕ್ಕಿಳಿಸುವುದು ಸುಲಭ. ನಾನು ಮೊನ್ನೆಯಷ್ಟೇ ಇಳಿಸಿದೆ.

ಅಂದು ನಿಘಂಟಿನ ಪುಟಗಳು ಮರಳಿ ಬಂದವು. ಹಾಡನ್ನು ಮೊದಲಿನಿಂದ ಕೇಳಿ ನಿಂತ ತಾಣವನ್ನು ಹುಡುಕಿದೆ. ಟಿಪ್ಪಣಿ ಮಾತ್ರ ಹೋಯಿತು. ತಾಯಿಯವರನ್ನು ಮತ್ತೆ ಕೇಳಿದೆ. ಅವರು ಆ ಮಾತಿಗೆ ಬೇರೆಯೇ ಅರ್ಥ ಹೇಳಿದರು.

“ನಿನ್ನೆ ಹಿಂಗ ಹೇಳಿರಲಿಲ್ಲಲ್ಲ ಅವ್ವಾ?”

“ಏನ್ ಹೇಳಿದ್ನೋ, ನನಗ ನೆನಪಿಲ್ಲಪಾ.”

ಹೇಳಿದ ಎರಡನೆಯ ಅರ್ಥವನ್ನು ಪೆನ್ಸಿಲಿನಿಂದ ಪಂಚಾಂಗದ ಅಂಚಿನಲ್ಲಿ ಗುರುತು ಮಾಡಿಕೊಂಡಿದ್ದೇನೆ. ಮೊದಲನೆಯದಕ್ಕಾಗಿ ಅದರ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟಿದ್ದೇನೆ.